ಬೀಗರ ಭಂಗಿ

ಪರದೆಯ ಹಿಂದಿನಿಂದ ಮಾಡೆಲ್ಲು ಬಂದು ವೇದಿಕೆ ಹತ್ತಿದ್ದೇ ತಡ, ಹೆಡ್‌ಮಾಸ್ಟರು ಎದ್ದು ನಿಂತು ಕೈ ಮುಗಿದರು. ಕೈಗಳ ನಡುವೆ ಇದ್ದಿಲಿನ ಕಡ್ಡಿ ಇತ್ತು. ಅದು ಪಟ್ಟನೆ ಮುರಿಯಿತು. ಸೊಂಟಕ್ಕೊಂದು ತುಂಡು ಬಟ್ಟೆ ಬಿಟ್ಟರೆ ಮೈಮೇಲೆ ಏನೂ ಇಲ್ಲದೆ ಎದುರಿಗೆ ನಿಂತಿದ್ದವರು ಅವರ ಬೀಗರು, ಮಗಳನ್ನು ಕೊಟ್ಟ ಮನೆಯ ಹಿರಿಯರು. ಬೀಗರೂ ಅಭ್ಯಾಸಬಲದಿಂದ ಕೈ ಮುಗಿದರು. ಆಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ.

“ಕೂತ್ಕೊಳ್ಳಿ ಸರ್,” ಎಂದರು ಡ್ರಾಯಿಂಗ್ ಟೀಚರು. ಅವರಿಗೆ ಹೆಚ್ಚುಕಡಿಮೆ ಹೆಡ್‌ಮಾಸ್ಟರ ಮಗಳ ವಯಸ್ಸು. ಯಾರಿಗೆ ಹೇಳಿದ್ದೆಂದು ತಿಳಿಯದೆ ಇಬ್ಬರೂ ಕೂತರು, ಒಬ್ಬರು ಬೆಂಚಿನ ಮೇಲೆ, ಇನ್ನೊಬ್ಬರು ವೇದಿಕೆಯ ಸ್ಟೂಲಿನ ಮೇಲೆ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಹೆಡ್‌ಮಾಸ್ಟರು ಈ ತರಗತಿಗೆ ಸೇರಿದ್ದರು. ಹೂಜಿ ಬರೆದದ್ದಾಯಿತು, ಸೇಬು ಬರೆದದ್ದಾಯಿತು, ಇವತ್ತು ಮೊದಲ ಸಲ ಮನುಷ್ಯ. ಹೂಜಿ, ಸೇಬುಗಳ ಜೊತೆ ನೆಂಟಸ್ತಿಕೆಯ ತೊಡಕಿರಲಿಲ್ಲ. ಟೀಚರು ಸಾಲುಗಳ ನಡುವೆ ಓಡಾಡುತ್ತ ಅಂಗರಚನೆ ವಿವರಿಸುತ್ತಿದ್ದರು. ಮೊದಲು ಮೂಳೆ, ಆಮೇಲೆ ಮಾಂಸ. ಕತ್ತಿನ ಕೆಳಗಿನ ಗುಳಿಯನ್ನು ಹಿಡಿಯಿರಿ, ಅಲ್ಲಿಂದ ಕೊರಳೆಲುಬು ಹೆಗಲಿನವರೆಗೆ ಹೇಗೆ ಹೋಗುತ್ತದೆ ಅನ್ನುವುದನ್ನು ನೋಡಿ ಎಂದರು. ಹೆಡ್‌ಮಾಸ್ಟರು ತಲೆಯಾಡಿಸಿದರು. ಬೀಗರ ಮುಖವನ್ನು ಮಾತ್ರ ನೋಡುತ್ತ, ಅದರಿಂದ ಕೆಳಗೆ ಕಣ್ಣು ಇಳಿಸದೆ, ಸರಸರನೆ ಬರೆದು ಮುಗಿಸಿದರು.

“ಅವರು ಶರ್ಟ್ ಹಾಕಿಲ್ವಲ್ಲ ಸರ್,” ಎಂದರು ಟೀಚರು ಬಗ್ಗಿ ನೋಡಿ.

“ಗೊತ್ತಮ್ಮ. ಅವರು ನಮ್ಮ ಬೀಗರು.”

ಟೀಚರು ಒಮ್ಮೆ ವೇದಿಕೆಯ ಕಡೆ, ಒಮ್ಮೆ ಕಾಗದದ ಕಡೆ ನೋಡಿದರು. ಕಾಗದದ ಮೇಲಿನ ಶರ್ಟು ಇಸ್ತ್ರಿ ಮಾಡಿದ್ದು. ಜೇಬಿನಲ್ಲಿ ಪೆನ್ನೂ ಇತ್ತು. ಇಲ್ಲಿ ಬೀಗರು ಗೀಗರು ಯಾರೂ ಇಲ್ಲವೆಂದು ಹೇಳಿ, ಕೈಗೊಂದು ರಬ್ಬರು ಕೊಟ್ಟು ಮುಂದಕ್ಕೆ ಹೋದರು. ಹೆಡ್‌ಮಾಸ್ಟರು ಮೇಲಿನ ಗುಂಡಿಯಿಂದ ಶುರುಮಾಡಿ ಒಂದೊಂದನ್ನೇ ಅಳಿಸಿದರು.

ಈಗ ನೋಡದೆ ಗತ್ಯಂತರವಿರಲಿಲ್ಲ. ಕೊರಳೆಲುಬಿನ ಹಿಂದೆ ನೀರು ನಿಲ್ಲುವಷ್ಟು ಗುಳಿ ಬಿದ್ದಿತ್ತು. ಪಕ್ಕೆಲುಬುಗಳನ್ನು ಕೂತಲ್ಲಿಂದಲೇ ಎಣಿಸಬಹುದಿತ್ತು. ಎಡ ಹೆಗಲು ಬಲ ಹೆಗಲಿಗಿಂತ ಕೆಳಗಿಳಿದಿತ್ತು. ಮಕ್ಕಳ ಮದುವೆಯಲ್ಲಿ ಇದೇ ಹೆಗಲಿಗೆ ಕೋಟು ಬಿಗಿಯಾಗಿ, ಬೀಗರು ದಿನವಿಡೀ ಕೈ ಮೇಲೆತ್ತದೆ ಓಡಾಡಿದ್ದರು. ಅವರ ಮನೆಗೆ ಆಗಾಗ ಹೋಗಿ, ಎದುರಿಗೇ ಕೂತು ಹರಟೆ ಹೊಡೆದು ಬರುವ ತನಗೆ ಇದೊಂದೂ ಕಂಡಿರಲಿಲ್ಲವಲ್ಲ ಎಂದು ಹೆಡ್‌ಮಾಸ್ಟರಿಗೆ ನಾಚಿಕೆಯಾಯಿತು.

ಚಹಾ ಬಿಡುವಿನಲ್ಲಿ ಬೀಗರು ಶಾಲು ಹೊದ್ದು, ಎರಡು ಲೋಟ ಹಿಡಿದುಕೊಂಡು ತಾವೇ ವರಾಂಡಕ್ಕೆ ಬಂದರು. ಹೆಡ್‌ಮಾಸ್ಟರು ದನಿ ತಗ್ಗಿಸಿ, ಈ ವಿಷಯ ತನ್ನ ಹೊಟ್ಟೆಯಲ್ಲೇ ಇರುತ್ತದೆ, ಮನೆಯಲ್ಲಿ ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟರು. ಏನಾದರೂ ಅಡಚಣೆಯಿದ್ದರೆ ಸಂಕೋಚವಿಲ್ಲದೆ ತನಗೇ ಹೇಳಬಹುದಿತ್ತು ಎಂದೂ ಸೇರಿಸಿದರು.

“ಊಟ, ಬಟ್ಟೆ, ಔಷಧಿ, ಯಾವುದಕ್ಕೂ ಕೊರತೆಯಿಲ್ಲ ಬೀಗರೇ,” ಎಂದರು ಅವರು. “ನಮ್ಮ ಹುಡುಗನೂ ಒಳ್ಳೆಯವನು, ನಿಮ್ಮ ಮಗಳೂ ಒಳ್ಳೆಯವಳು. ‘ಇನ್ನು ಸ್ವಲ್ಪ ಹಾಕ್ಲಾ ಮಾವ’ ಅಂತ ಕೇಳ್ತಾಳೆ. ತಟ್ಟೆ ನೋಡ್ಕೊಂಡು ಕೇಳ್ತಾಳೆ.” ಒಂದು ಗುಟುಕು ಚಹಾ ಕುಡಿದರು. “ಇಲ್ಲಿ ಎಲ್ರೂ ನನ್ನನ್ನ ನೋಡ್ತಾರೆ. ಮೊನ್ನೆ ಇನ್ನೊಂದು ಕ್ಲಾಸಲ್ಲಿ ಒಂದು ಹುಡುಗಿ ನನ್ನ ಕಿವಿ ಒಂದನ್ನೇ ಇಡೀ ಬೆಳಿಗ್ಗೆ ನೋಡಿದ್ಲು.”

ಹೆಡ್‌ಮಾಸ್ಟರಿಗೆ ಮೈಯೆಲ್ಲ ಉರಿಯಿತು. ಬೀಗರು ಬಟ್ಟೆ ಬಿಚ್ಚಿ ಕೂತದ್ದನ್ನು ಹೇಗೋ ಸಹಿಸಿಕೊಂಡಿದ್ದರು, ಈ ಮಾತನ್ನು ಸಹಿಸಲಾಗಲಿಲ್ಲ. ತಾಯಿಯಿಲ್ಲದ ಮಗಳೆಂದು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದರು. ಅಪ್ಪನ ಮುಖ ನೋಡಿಯೇ ಜ್ವರ ಬಂದಿದೆಯೆಂದು ಹೇಳುತ್ತಿದ್ದವಳು ಅವಳು. ಅಂಥವಳ ಮೇಲೆ ಇಂಥ ದೂರೇ? ಈಗಿಂದೀಗಲೇ ಇತ್ಯರ್ಥವಾಗಲಿ ಎಂದು ಜೇಬಿನಿಂದ ಫೋನು ತೆಗೆದು ಅವಳಿಗೆ ಹಚ್ಚಿದರು. ಬೀಗರಿಗೂ ಚೆನ್ನಾಗಿ ಕೇಳಲೆಂದು ಸ್ಪೀಕರಿಗೆ ಹಾಕಿ ಇಬ್ಬರ ಮಧ್ಯೆ ಹಿಡಿದರು.

“ಮಾವ ಹೇಗಿದ್ದಾರಮ್ಮ?”

“ಚೆನ್ನಾಗಿದ್ದಾರಪ್ಪ. ರೂಮಲ್ಲಿ ಪೇಪರ್ ಓದ್ತಾ ಕೂತಿದ್ದಾರೆ.”

“ನೀನು ನೋಡಿದ್ಯಾ?”

“ಈಗ ತಾನೇ ಪಕ್ಕದಲ್ಲಿ ಕಾಫಿ ಇಟ್ಟು ಬಂದೆ. ಯಾಕಪ್ಪ, ಫೋನ್ ಕೊಡ್ಲಾ?”

ಬೀಗರು ಬೇಡವೆಂದು ಕೈಯಾಡಿಸಿದರು. “ಬೇಡಮ್ಮ, ಓದ್ಲಿ ಬಿಡು,” ಎಂದು ಹೇಳಿ ಹೆಡ್‌ಮಾಸ್ಟರು ಫೋನಿಟ್ಟರು. ಅವರಿಗೆ ತಲೆಯೆತ್ತಿ ಬೀಗರ ಮುಖ ನೋಡುವ ಧೈರ್ಯವಾಗಲಿಲ್ಲ.

ಒಳಗಿನಿಂದ ಟೀಚರು ಕರೆದರು. ಬೀಗರು ಲೋಟವನ್ನು ಕಟ್ಟೆಯ ಮೇಲಿಟ್ಟು, ಶಾಲು ತೆಗೆದು ನೀಟಾಗಿ ಮಡಿಸಿ ಹೆಡ್‌ಮಾಸ್ಟರ ಕೈಗೆ ಕೊಟ್ಟರು.

“ಬೇಜಾರು ಮಾಡ್ಕೋಬೇಡಿ ಬೀಗರೇ,” ಎಂದರು. “ಮನೇಲೂ ಅಲುಗಾಡದೆ ಕೂತಿದ್ದೀನಿ, ನೋಡಿ.”