ಅರಮನೆ ನೋಡಲು ಹೋದ ಭಾನುವಾರ

ಚುರುಮುರಿಗೆ ಮಾವಿನಕಾಯಿ ತುರಿಯುವ ವಾಸನೆ ಬಂದರೆ ಈಗಲೂ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ.

ನಾವು ನೇಪಾಳದಿಂದ ಬಂದವರು. ಅಪ್ಪ ಬೋಗಾದಿಯಲ್ಲಿ ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್. ಊರಿಗೆ ಫೋನ್ ಮಾಡಿದಾಗಲೆಲ್ಲ "ರಾಜರ ಅರಮನೆ ಇರುವ ಊರಲ್ಲಿದ್ದೇವೆ" ಎನ್ನುತ್ತಿದ್ದ. ನಾವ್ಯಾರೂ ಅದನ್ನು ನೋಡಿರಲಿಲ್ಲ.

ಒಂದು ಭಾನುವಾರ ಅಮ್ಮ ನನಗೆ ಹೊಸ ಫ್ರಾಕು ಹಾಕಿ, ಬಿಗಿಯಾಗಿ ಜಡೆ ಹೆಣೆದಳು. ತಮ್ಮನನ್ನೂ ಕರೆದುಕೊಂಡು ಅರಮನೆಗೆ ಹೋದೆವು. ಬರಿಗಾಲಿಗೆ ನೆಲ ತಣ್ಣಗಿತ್ತು. ಬಣ್ಣದ ಗಾಜಿನ ಚಾವಣಿಯ ಕೆಳಗೆ ಅಪ್ಪ ನನ್ನನ್ನು ಎತ್ತಿಕೊಂಡು, "ಚೆನ್ನಾಗಿ ನೋಡಿಕೋ" ಎಂದ. ಹೊರಗೆ ಬಂದ ಮೇಲೆ ನಾನು ಕೇಳದೆಯೇ ಎರಡನೇ ಸಲ ಚುರುಮುರಿ ಕೊಡಿಸಿದ.

"ಅರಮನೆಗೆ ಲೈಟು ಹಾಕುವವರೆಗೂ ಇರೋಣ" ಎಂದೆ. ಅಮ್ಮ ಕೈ ಅಡ್ಡ ಹಿಡಿದು ಆಟೋ ನಿಲ್ಲಿಸಿದಳು.

ಆಟೋ ಬೋಗಾದಿಗೆ ಹೋಗಲಿಲ್ಲ. ಮಂಡಿ ಮೊಹಲ್ಲಾದ ಒಂದು ಹಾಸ್ಟೆಲಿನ ಮುಂದೆ ನಿಂತಿತು. ವಾರ್ಡನ್ ನನ್ನ ಕೈ ಹಿಡಿದು, "ಬಾಮ್ಮ, ನಿನ್ ಮಂಚ ತೋರಿಸ್ತೀನಿ. ನಿನ್ ಟ್ರಂಕು ನಿನ್ನೆನೇ ಬಂದ್ಬುಡ್ತು ಕಣಮ್ಮ" ಎಂದರು.

ಅಮ್ಮ ತಮ್ಮನ ಶರ್ಟಿನ ಗುಂಡಿ ಬಿಚ್ಚಿ ಮತ್ತೆ ಹಾಕುತ್ತಿದ್ದಳು. "ಅಪ್ಪನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ನೀನು ಇಲ್ಲೇ ಓದಬೇಕು" ಎಂದಳು.

"ತಮ್ಮ?"

"ಅವನು ಚಿಕ್ಕವನು."

ಹೊರಡುವಾಗ ಅಪ್ಪ ನನ್ನ ತಲೆ ಸವರಲು ಕೈ ಚಾಚಿದ. ನಾನು ಹೋಗಿ ವಾರ್ಡನ್ ಹಿಂದೆ ನಿಂತುಕೊಂಡೆ.