ಅಕಾತಳ ಒನಕೆ

"ಎಲ್ಲಿಗೇ ಹೊರಟೆ? ನನ್ನ ಒನಕೆ ಕೊಟ್ಟು ಹೋಗು!"

ಗಂಟು ಹಿಡಿದು ದೋಣಿ ಹತ್ತಲಿದ್ದ ವಾರಿ ಹಲ್ಲು ಕಚ್ಚಿದಳು. ದೋಣಿಯಲ್ಲಿ ಕೂತಿದ್ದವನು ಅವಳನ್ನು ಹೆತ್ತ ಅಪ್ಪ, ಒಬದಾಯ. ಯುದ್ಧಕಾಲದಲ್ಲಿ ಮೂಲನಿವಾಸಿ ಮೊಹಾಕರು ಇಂಗ್ಲಿಷರ ಹಳ್ಳಿಯಿಂದ ಅವಳನ್ನು ಸೆರೆಹಿಡಿದು ತಂದು ಐದು ವರ್ಷವಾಗಿತ್ತು. ಯುದ್ಧ ನಿಂತದ್ದೇ ಅವನು ಮೊಹಾಕರ ಊರು ಕಾನವಾಗೆಗೆ ಹುಡುಕಿಕೊಂಡು ಬಂದಿದ್ದ. ಹೋಗುವುದು ಬಿಡುವುದು ಅವಳಿಷ್ಟ ಎಂದು ಊರಿನವರು ಹೇಳಿದ್ದರು. ಅಪ್ಪನ ನರೆತ ತಲೆ ನೋಡಿ ಕರುಳು ಚುರುಕ್ ಎಂದು ಅವಳು ಹೊರಟೂ ಬಿಟ್ಟಿದ್ದಳು. ಸಾಕುತಾಯಿ ದಡದಲ್ಲಿ ನಿಂತಿದ್ದಳು. ಅಷ್ಟರಲ್ಲಿ ವಕ್ಕರಿಸಿದಳು, ಪಕ್ಕದ ಮನೆಯ ಅಕಾತ್.

ನಿಜ ಹೇಳಬೇಕೆಂದರೆ, ಒನಕೆ ಎರವಲು ಪಡೆದವಳು ಸಾಕುತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಸಿಡುಬಿನಲ್ಲಿ ಸತ್ತ ಹಿಂದಿನ ವಾರಿ. ಇವಳನ್ನು ನದಿಯಲ್ಲಿ ಮುಳುಗಿಸಿ, ಬಿಳಿಯರ ರಕ್ತ ತೊಳೆದುಹೋಯಿತೆಂದು, ಸತ್ತವಳ ಹೆಸರು, ಹಾಸಿಗೆ, ತಾಯಿ ಎಲ್ಲವನ್ನೂ ಕೊಟ್ಟಾಗ ಅಕಾತಳ ಜಗಳವೂ ಕೊಸರಾಗಿ ಬಂದಿತ್ತು. ಜೋಳ ಕುಟ್ಟಲು ನಿಂತರೆ ಒನಕೆ, ಸೌದೆಗೆ ಹೋದರೆ ಒನಕೆ. ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

"ಇವತ್ತೊಂದಿನ ಆದ್ರೂ ನನ್ನ ಬಿಟ್ಬಿಡಕ್ಕಾ."

"ಬಿಡೋದಾ? ಆವಾಗ ಸತ್ತು ತಪ್ಪಿಸ್ಕೊಂಡೆ, ಈಗ ದೋಣಿ ಹತ್ತಿ ತಪ್ಪಿಸ್ಕೋತೀಯಾ?" ಅಕಾತ್ ಸಾಕುತಾಯಿಯ ಕಡೆ ಕೈ ತಿರುವಿದಳು. "ನಿಮ್ಮಮ್ಮಂಗೆ ನಾಚಿಕೆ ಆಗ್ಬೇಕು, ಇಂಥಾ ಕಳ್ಳೀನ ಹೆತ್ತಿದ್ದಕ್ಕೆ!"

ವಾರಿ ಗಂಟು ಬಿಸಾಡಿ ದಡ ಹತ್ತಿದಳು. "ನಮ್ಮಮ್ಮನ ಸುದ್ದಿಗೆ ಬಂದ್ರೆ ನಾಲಿಗೆ ಕಿತ್ತೇನು! ಏಳು ವರ್ಷದ ಕೆಳಗೆ ಬಾಗಿಲು ಮುಚ್ಚೋ ಹಾಗೆ ಹಿಮ ಬಿದ್ದಿತ್ತಲ್ಲ, ಆಗ ನಾನೇ ಹೊತ್ತು ತಂದು ನಿನ್ನ ಗೋಡೆಗೆ ಒರಗಿಸಿ ಹೋಗ್ಲಿಲ್ವೇನೇ ಸುಳ್ಳೀ?"

"ಒರಗಿಸಿದ್ಯಾ? ನಾನೇನು ಕುರುಡಿಯಾ?"

ಸಾಕುತಾಯಿ ಬಗ್ಗಿ ಗಂಟನ್ನು ಎತ್ತಿಕೊಂಡಳು.

"ನಮ್ಮ ಹೆಪ್ಸಿ ಏನಂತಾಳೆ?" ಮಗಳ ಹುಟ್ಟುಹೆಸರು ಹಿಡಿದು ಒಬದಾಯ ಕೇಳಿದ. ಎರಡೂ ಭಾಷೆ ಬಲ್ಲ ದೋಣಿಯವನು ನಗುತ್ತಲೇ ಎಲ್ಲವನ್ನೂ ಹೇಳಿದ.

ಮುದುಕ ನಗಲಿಲ್ಲ. "ಆ ಹಿಮದ ವರ್ಷ ಅವಳಿನ್ನೂ ನಮ್ಮನೇಲೇ ಇದ್ಲಲ್ಲಪ್ಪಾ. ಕೊಟ್ಟಿಗೆಗೆ ಹೋಗೋ ದಾರಿ ನಾವಿಬ್ರೇ ತೋಡಿದ್ವಿ."

ಜಗಳ ಮುಗಿಯಲೆಂದು ಅವನು ಕಾದ. ದಡದಲ್ಲಿ ದನಿಗಳು ಇನ್ನೂ ಏರಿದವು. ಒಬ್ಬಳೂ ಅವನ ಕಡೆ ತಿರುಗಿ ನೋಡಲಿಲ್ಲ.

"ದೋಣಿ ಬಿಡು," ಎಂದ.