ಗ್ಯಾಸ್‌ಲೈಟ್ ಪೋಕರನ ಭವಿಷ್ಯ

ತಾನು ಒಮ್ಮೆ ಗ್ಯಾಸ್‌ಲೈಟಿಗೆ ಗಾಳಿ ಹಾಕಿದ ರಭಸಕ್ಕೆ ಪುತ್ತೂರಿನಲ್ಲಿ ನಡುರಾತ್ರಿಯೇ ಬೆಳಗಾಗಿ, ಪಂಜದವರೆಗಿನ ಕೋಳಿಗಳೆಲ್ಲ ಕೂಗಿ, ಹೆಂಗಸರು ಎದ್ದು ಒಲೆ ಹಚ್ಚಿದ್ದರೆಂದು ಪೋಕರ್ ಎದೆ ತಟ್ಟಿ ಹೇಳಿದ.

"ಕೊನೆಗೆ ಸೂರ್ಯನೇ ಗುಡ್ಡೆಯಾಚೆಯಿಂದ ಇಣುಕಿ ಕೇಳಿದ, ಪೋಕರೇ, ನಾನು ಇವತ್ತು ಬರುದಾ ಬೇಡ್ವಾ ಅಂತ."

"ನೀ ಎಂತ ಹೇಳಿದೆ?" ಪಂಜದ ಚಾ ಹೋಟೆಲಿನ ದೇರಣ್ಣ ನಗದೆ ಕೇಳಿದ.

"ಎಂತ ಹೇಳುದು? ಬಟ್ಟೆ ಒಣಗ್ಲಿಕ್ಕುಂಟು, ಬಾ ಅಂದೆ."

ತಾಲೂಕಿನಲ್ಲಿ ಯಾರು ನಾಟಕ ಆಡಲಿ, ಬಾಡಿಗೆ ಗ್ಯಾಸ್‌ಲೈಟು ಪೋಕರನದೇ. ರಂಗದ ಮಗ್ಗುಲಲ್ಲಿ ಕೂತು ಅವನು ಪಂಪು ಒತ್ತಿದರೆ ರಾಜರಿಗೆ ರಾಜ್ಯ, ಇಲ್ಲದಿದ್ದರೆ ಎಲ್ಲರಿಗೂ ಕತ್ತಲೆ. ಹಾಗಾಗಿ ವರ್ಷಕ್ಕೊಮ್ಮೆ ತಾಲೂಕು ಸ್ಪರ್ಧೆಯ ಬಹುಮಾನ ಯಾರಿಗೆಂದು ತೀರ್ಪುಗಾರರಿಗಿಂತ ಮೊದಲು ಹೇಳುವ ಹಕ್ಕು ತನ್ನದೇ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಮೊದಲು ಮೂವರ ಹೆಸರು ಸಾರಿ, ಊರೂರಿನಲ್ಲಿ ಜಗಳ ಹುಟ್ಟಿಸಿ, ಆಮೇಲೆ ಬರುವ ಆದಿತ್ಯವಾರ ಒಬ್ಬರಿಗೆ ಬಹುಮಾನ ಕೊಡುವುದು ಸ್ಪರ್ಧೆ ನಡೆಸುವ ಪುತ್ತೂರಿನವರ ಕ್ರಮ. ಉತ್ತಮ ಸ್ತ್ರೀಪಾತ್ರದ ಮೂರು ಹೆಸರು ಅಂದು ಬೆಳಗ್ಗಿನ ಬಸ್ಸಿನ ಕಂಡಕ್ಟರನ ಬಾಯಲ್ಲಿ ಪಂಜಕ್ಕೆ ಬಂದಿತ್ತು.

ಮೂವರಲ್ಲಿ ಒಬ್ಬ, ಟೈಲರ್ ಸಂಕಪ್ಪ, ಚಾ ಮುಟ್ಟದೆ ಎದುರಿನ ಬೆಂಚಿನಲ್ಲಿ ಕೂತಿದ್ದ. ಸೀರೆ ಉಟ್ಟು ರಂಗಕ್ಕೆ ಬಂದರೆ ಅವನ ಹೆಂಡತಿಗೇ ಗುರುತು ಸಿಗುತ್ತಿರಲಿಲ್ಲ. ಹಿಂದಿನ ಎರಡು ವರ್ಷವೂ ಬಹುಮಾನ ಅವನದೇ. ಈ ಸಲ ತಪ್ಪಿದರೆ ಮುಂದಿನ ನಾಟಕಕ್ಕೆ ಹೆಣ್ಣುವೇಷಕ್ಕೆ ಹೆಣ್ಣನ್ನೇ ಕರೆಸುವುದೆಂದು ಪಂಜದ ಸಂಘದವರು ಮಾತಾಡಿಕೊಂಡಿದ್ದರು. ಹಾಗಾದರೆ ಸಂಕಪ್ಪನಿಗೆ ಉಳಿಯುವುದು ಈಟಿ ಹಿಡಿದು ನಿಲ್ಲುವ ದ್ವಾರಪಾಲಕನ ಪಾತ್ರ. ಮಾತಿಲ್ಲ.

"ಹೆದರಬೇಡ ಮಾರಾಯ," ಎಂದ ಪೋಕರ್. "ಗುತ್ತಿಗಾರಿನ ಬೋಜನನ್ನು ಬಿಟ್ಟುಬಿಡು. ಆನೆ ಬಂತು ಅಂತ ಯಾರೋ ಕೂಗಿದ್ದಕ್ಕೆ ಅವನ ದ್ರೌಪದಿ ಸೀರೆ ಎತ್ತಿ ಕಟ್ಟಿ ಮರ ಹತ್ತಿದ್ದು ಇನ್ನೂ ಸರಿಯಾಗಿ ಇಳಿಯಲಿಲ್ಲ. ಮತ್ತೆ ಉಳಿದದ್ದು ಆ ಕೊಯಿಲದ ಹೆಣ್ಣು."

ಕೊಯಿಲದ ದನದ ಫಾರ್ಮಿನ ಕಂಪೌಂಡರನ ತಂಗಿ ವಾರಿಜಾಕ್ಷಿ. ನಿಜವಾದ ಹೆಂಗಸು. ತಾಲೂಕಿನ ರಂಗದ ಮೇಲೆ ಅಂಥದ್ದು ಅದೇ ಮೊದಲು.

"ಹೆಣ್ಣು ಹೆಣ್ಣುವೇಷ ಮಾಡಿದ್ರೆ ಅದರಲ್ಲಿ ವೇಷ ಎಲ್ಲುಂಟು?" ಪೋಕರ್ ಮೇಜು ಗುದ್ದಿದ. "ಕೋಳಿ ಮೊಟ್ಟೆ ಇಟ್ಟರೆ ಬಹುಮಾನ ಕೊಡ್ತಾರಾ? ಹುಂಜ ಇಟ್ಟರೆ ಕೊಡಬೇಕು! ನಮ್ಮ ಸಂಕಪ್ಪ ರಂಗದಲ್ಲಿ ಅತ್ತದ್ದು ನೀನು ನೋಡ್ಬೇಕಿತ್ತು ದೇರಣ್ಣ, ಆ ಕಣ್ಣೀರಲ್ಲಿ ಹಾರ್ಮೋನಿಯಂನವ ಪೆಟ್ಟಿಗೆ ತಲೆ ಮೇಲೆ ಇಟ್ಟುಕೊಂಡು ಈಜಿದ್ದಾನೆ. ಆ ಹೆಣ್ಣಿನದು ಎಂತ? ನೋಡ್ಲಿಕ್ಕಾಗದೆ, ಜನರ ಕಣ್ಣು ಹಾಳಾಗುದು ಬೇಡ ಅಂತ, ನಾನೇ ಲೈಟು ಆರಿಸಿಬಿಟ್ಟೆ!"

ದೇರಣ್ಣ ಈಗ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಕಪ್ಪ ನಗಲಿಲ್ಲ.

"ಆರಿಸಿದ್ದಾ?" ಎಂದ.

"ಮತ್ತೆ? ಈ ಕೈಯಿಂದ."

"ಪೋಕರೇ, ನಾನು ಅಲ್ಲಿದ್ದೆ."

ಪೋಕರನ ಕೈ ಮೇಜಿನಿಂದ ಮೆಲ್ಲಗೆ ಕೆಳಗಿಳಿಯಿತು. ಸ್ಪರ್ಧಿಯೊಬ್ಬ ಇನ್ನೊಬ್ಬನ ನಾಟಕಕ್ಕೆ ಹೋಗುವುದೆಂದರೆ ಆ ಕಾಲದಲ್ಲಿ ಶತ್ರುವಿನ ಮನೆಯ ಗಂಜಿ ಉಂಡಂತೆ.

"ತಲೆಗೆ ಬೈರಾಸು ಸುತ್ತಿ ಹಿಂದಿನ ಸಾಲಿನಲ್ಲಿ ಕೂತಿದ್ದೆ," ಎಂದ ಸಂಕಪ್ಪ. "ಕೀಲಿ ತಿರುಗಿಸಿ ಆರಿಸಿದ ಲೈಟು ಪುಸ್ಸಂತ ಒಮ್ಮೆಲೇ ಹೋಗ್ತದೆ. ಇದು ಹಾಗೆ ಹೋದದ್ದಲ್ಲ. ಮೊದಲು ಹಳದಿ ಆಯ್ತು. ಆಮೇಲೆ ಕೆಂಪು. ಅವಳು ಸತ್ತ ಗಂಡನಿಗೆ ಬಟ್ಟಲಿಟ್ಟು ಗಂಜಿ ಬಡಿಸ್ತಾ ಇದ್ದಳು. ಅಳಲಿಲ್ಲ. ಉಪ್ಪು ಸಾಕಾ ಅಂತ ಕೇಳಿದಳು, ಅಷ್ಟೇ."

"ಲೈಟು ಹಳದಿ ಆದ್ರೆ ಜನ ಬಿಡ್ತಾರಾ?" ದೇರಣ್ಣ ಕೇಳಿದ. "ಗಾಳಿ, ಗಾಳಿ ಅಂತ ಬೊಬ್ಬೆ ಹಾಕುದಿಲ್ವಾ?"

"ಅದಕ್ಕೇ ನಾನು ಹೋದದ್ದು ದೇರಣ್ಣ. ಲೈಟು ಸ್ವಲ್ಪ ಕುಂದಿದ ಕೂಡ್ಲೆ ಎಲ್ಲರಿಗಿಂತ ಮೊದಲು ಬೊಬ್ಬೆ ಹಾಕಿ, ಅವಳ ಮಾತು ತಪ್ಪಿಸ್ಲಿಕ್ಕೆ. ಯಾರೂ ಹಾಕಲಿಲ್ಲ. ನನಗೂ ಬಾಯಿ ಬರಲಿಲ್ಲ." ಸಂಕಪ್ಪ ಪೋಕರನ ಕಡೆ ತಿರುಗಿದ. "ನಾನು ಈಟಿ ಹಿಡಿಯುದಾ ಬೇಡ್ವಾ ಅಂತ ಆದಿತ್ಯವಾರದವರೆಗೆ ಕಾಯ್ಲಿಕ್ಕಾಗುದಿಲ್ಲ. ಒಂದೇ ಒಂದು ಸತ್ಯ ಹೇಳು. ನಿನ್ನ ಲೈಟಿಗೆ ಎಂತ ಆದದ್ದು?"

ಸೂರ್ಯನಿಗೇ ಅಪ್ಪಣೆ ಕೊಟ್ಟ ಬಾಯಿಯನ್ನು ಪೋಕರ್ ಅಂಗೈಯಿಂದ ಒರೆಸಿಕೊಂಡ.

"ಪಂಪಿನ ಮೇಲೆ ಕೈ ಇತ್ತು ಮಾರಾಯ," ಎಂದ ಪೋಕರ್. ಅವನ ಸ್ವರ ಅಷ್ಟು ಸಣ್ಣದಾದದ್ದನ್ನು ಪಂಜದವರು ಅದುವರೆಗೆ ಕೇಳಿರಲಿಲ್ಲ. "ಒತ್ತಲಿಕ್ಕೆ ಮರೆತುಹೋಯ್ತು. ಅವಳು ಗಂಜಿ ಬಡಿಸ್ತಾ ಇದ್ದಳು, ನಾನು ನೋಡ್ತಾ ಇದ್ದೆ. ಪರದೆ ಎಳೆಯುವವ ಬಂದು ಬೆನ್ನಿಗೆ ಗುದ್ದಿದ ಮೇಲೆಯೇ ಕತ್ತಲೆ ಆಗಿದೆ ಅಂತ ನನಗೆ ಗೊತ್ತಾದದ್ದು."